ಬೆಟ್ಟದ ದಾರಿಗೆ ಬೇಕಾದ ಹತಾರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ನಡೆಯುವವರ ಮತ್ತು ಸೈಕಲ್ ಸವಾರರ ಬೆಟ್ಟದ ದಾರಿಗಳ ದುರಸ್ತಿಯನ್ನು ಕುರಿತು ಪುಣೆ, ಮುಂಬಯಿ ಹಾಗೂ ಗೋವೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ್ದ ಪತ್ರಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಕೋಥ್ರೂಡ ಮತ್ತು ಕರ್ವೆನಗರದ ಕೆಲವು ಕನ್ನಡ ಕುಟುಂಬದವರು ಸೇರಿ ಭಾನುವಾರ ಬೆಳಿಗ್ಗೆ ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ನಡೆಯಲು ಹೋಗುತ್ತೇವೆ. ಪ್ರತಿ ಮಳೆಗಾಲ ಮುಗಿಯುವಷ್ಟರಲ್ಲಿ ದಾರಿ ಕಿತ್ತು ಕಲ್ಲೆದ್ದಿರುತ್ತದೆ. ಅರಣ್ಯ ಇಲಾಖೆಯವರು ಶ್ರಮದಾನಕ್ಕೆ ಒಪ್ಪಿಗೆ ಕೊಟ್ಟಿರುವುದರಿಂದ ವಂತಿಗೆ ಕೂಡಿಸಿ ಸಲಕರಣೆ ಕೊಳ್ಳಬೇಕೆಂದಿದ್ದೇವೆ. ಪುಲಾಸ್ಕಿ, ಮೆಕ್ಲೌಡ್ ಎಂಬ ವಿದೇಶಿ ಹತಾರಗಳ ಬಗ್ಗೆ ಓದಿದೆವು. ಅವನ್ನೇ ತರಿಸಬೇಕೆ? ಮೊದಲು ಏನನ್ನು ಕೊಳ್ಳಬೇಕು? (ಕೋಥ್ರೂಡದ ಓದುಗರು)

ಉತ್ತರ: ತರಿಸಬೇಕಾಗಿಲ್ಲ. ಆದರೆ ಆ ಎರಡು ಹತಾರಗಳು ಯಾವ ಕೆಲಸಕ್ಕಾಗಿ ಹುಟ್ಟಿದವು ಎಂಬುದನ್ನು ತಿಳಿದರೆ ನಿಮಗೆ ಬೇಕಾದದ್ದು ಯಾವುದು ಎಂಬುದೂ ತಿಳಿಯುತ್ತದೆ. ಪುಲಾಸ್ಕಿಗೆ ಒಂದು ಕಡೆ ಕೊಡಲಿಯ ಬಾಯಿ, ಇನ್ನೊಂದು ಕಡೆ ಗುದ್ದಲಿಯ ಬಾಯಿ. ಅಮೆರಿಕದ ಐಡಾಹೊ ರಾಜ್ಯದಲ್ಲಿ ಅರಣ್ಯ ರೇಂಜರ್ ಆಗಿದ್ದ ಎಡ್ ಪುಲಾಸ್ಕಿ 1910ರ ಮಹಾ ಕಾಳ್ಗಿಚ್ಚಿನ ನಡುವೆ ತಮ್ಮ ಆಳುಗಳನ್ನು ಗಣಿಯ ಸುರಂಗವೊಂದಕ್ಕೆ ಕರೆದೊಯ್ದು ಹೆಚ್ಚಿನವರ ಜೀವ ಉಳಿಸಿದವರು. ಹತಾರಕ್ಕೆ ಅವರ ಹೆಸರೇ ನಿಂತಿದೆ. ಮೆಕ್ಲೌಡ್ ಅದಕ್ಕಿಂತ ಸ್ವಲ್ಪ ಹಳೆಯದು: 1905ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ಕಾಡಿನ ರೇಂಜರ್ ಮಾಲ್ಕಂ ಮೆಕ್ಲೌಡ್ ರೂಪಿಸಿದ ಈ ಹತಾರಕ್ಕೆ ಒಂದು ಕಡೆ ಅಗಲವಾದ ಅಲಗು, ಇನ್ನೊಂದು ಕಡೆ ದಪ್ಪ ಹಲ್ಲುಗಳ ರೇಕು. ಬೆಂಕಿ ದಾಟದಂತೆ ಕಾಡಿನ ನಡುವೆ ಒಂದು ಪಟ್ಟಿಯನ್ನು ಬರಿಯ ಮಣ್ಣಾಗುವವರೆಗೆ ಕೆತ್ತಿ ತೆಗೆಯುವುದು ಈ ಎರಡರದೂ ಮೂಲ ಕೆಲಸ, ದಾರಿ ಕಡಿಯುವವರು ಆಮೇಲೆ ಅವನ್ನು ತಮ್ಮದಾಗಿಸಿಕೊಂಡರು. ಅಲ್ಲಿಯ ಪೈನ್‌ನಂಥ ಸೂಚಿಪರ್ಣಿ ಮರಗಳ ಕಾಡಿನ ನೆಲದಲ್ಲಿ ಹೆಣೆದುಕೊಂಡ ಬೇರುಗಳನ್ನು ಕಡಿಯಲು ಕೊಡಲಿಯ ಬಾಯಿ ಬೇಕೇ ಬೇಕು. ವೇತಾಳ ಟೇಕಡಿಯಲ್ಲಿ ಇರುವುದು ಕಪ್ಪು ಬಸಾಲ್ಟ್ ಬಂಡೆ, ಅದರ ಮೇಲೆ ಗೇಣುದ್ದವೂ ಇಲ್ಲದ ಮಣ್ಣು, ಮರಾಠಿಯವರು ಮುರೂಮ್ ಎನ್ನುವ ಗರಸು, ಹುಲ್ಲು ಮತ್ತು ನೆಟ್ಟು ಬೆಳೆಸಿದ ಗ್ಲಿರಿಸಿಡಿಯಾ ಮರಗಳು. ಇಲ್ಲಿ ದಾರಿಯನ್ನು ಕೆಡಿಸುವುದು ಬೇರಲ್ಲ, ನೀರು.

ಆ ನೀರು ಹೇಗೆ ಕೆಡಿಸುತ್ತದೆ ಎಂಬುದನ್ನು ಒಮ್ಮೆ ಗಮನಿಸಿ. ಸಾವಿರಾರು ಹೆಜ್ಜೆಗಳು ದಾರಿಯ ನಡುಭಾಗವನ್ನು ತಗ್ಗಿಸುತ್ತವೆ. ಹೊರ ಅಂಚಿಗೆ ತಳ್ಳಲ್ಪಟ್ಟ ಮಣ್ಣು ಮತ್ತು ಹರಳು ಅಲ್ಲಿ ಸಣ್ಣ ಬದುವಾಗಿ ಕೂಡುತ್ತವೆ. ಗುಡ್ಡದ ಮೇಲಿನಿಂದ ಇಳಿದ ನೀರು ದಾರಿಯನ್ನು ಅಡ್ಡ ದಾಟಿ ಕೆಳಕ್ಕೆ ಹೋಗುವ ಬದಲು ಆ ಬದುವಿನ ಒಳಗೆ ಸಿಕ್ಕಿಕೊಂಡು ದಾರಿಯ ಉದ್ದಕ್ಕೂ ಓಡತೊಡಗುತ್ತದೆ, ಓಡಿದಷ್ಟೂ ವೇಗ ಪಡೆಯುತ್ತದೆ, ಮಣ್ಣನ್ನು ಹೊತ್ತು ಕಲ್ಲನ್ನು ಮಾತ್ರ ಬಿಟ್ಟುಹೋಗುತ್ತದೆ. ಆದ್ದರಿಂದ ನಿಮ್ಮ ಮೊದಲ ಕೆಲಸ ಆ ಬದುವನ್ನು ಕೆತ್ತಿ ತೆಗೆದು ದಾರಿಗೆ ಹೊರಕ್ಕೆ ವಾಟ ಕೊಡುವುದು. ಬಚ್ಚಲುಮನೆಯ ನೆಲಕ್ಕೆ ಗಾರೆಯವರು ಕೊಡುವ ವಾಟದಂತೆಯೇ ಇದೂ ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದರೆ ಸಾಕು: ನೂರಕ್ಕೆ 5, ಅಂದರೆ 60 ಸೆಂಟಿಮೀಟರ್ ಅಗಲದ ದಾರಿಗೆ ಹೊರ ಅಂಚು 3 ಸೆಂಟಿಮೀಟರ್ ತಗ್ಗು. ಕೆಲಸ ಮುಗಿದ ಮೇಲೆ ಒಂದು ಬಾಟಲಿ ನೀರನ್ನು ದಾರಿಯ ಒಳ ಅಂಚಿನಲ್ಲಿ ಸುರಿದು ನೋಡಿ. ಅದು ಎರಡು ಹೆಜ್ಜೆಯೊಳಗೆ ಹೊರಗೆ ಹೋಗಬೇಕು.

ಈ ಕೆಲಸಕ್ಕೆ ಬೇಕಾದ ಹತಾರಗಳೆಲ್ಲ ನಮ್ಮ ರೈತರ ಮನೆಯಲ್ಲಿ ಇರುವಂಥವೇ. ಹತ್ತು ಮಂದಿಯ ತಂಡಕ್ಕೆ ಮೂರು ಗುದ್ದಲಿ, ಎರಡು ಪಿಕಾಸಿ, ಮೂರು ಸಲಿಕೆ, ಎರಡು ಗಟ್ಟಿ ಹಲ್ಲಿನ ರೇಕು, ಒಂದು ಹಾರೆ, ನಾಲ್ಕು ಬಾಂಡ್ಲಿ ಸಾಕೆಂದು ನಮ್ಮ ಅಂದಾಜು. ಎಲ್ಲರ ಕೈಯಲ್ಲೂ ಅಗೆಯುವ ಹತಾರವೇ ಇದ್ದರೆ ಮಣ್ಣು ಹೊರುವವರಿಲ್ಲದೆ ಕೆಲಸ ನಿಲ್ಲುತ್ತದೆ. ಅಂಗಡಿಯಲ್ಲಿ ಕೇಳುವಾಗ ಮರಾಠಿ ಹೆಸರುಗಳು ನೆರವಾಗುತ್ತವೆ: ಗುದ್ದಲಿಗೆ ಕುದಳ, ಪಿಕಾಸಿಗೆ ಟಿಕಾವ, ಸಲಿಕೆಗೆ ಫಾವಡೆ, ಹಾರೆಗೆ ಪಹಾರ, ಬಾಂಡ್ಲಿಗೆ ಘಮೇಲೆ, ರೇಕಿಗೆ ದಾತಾಳೆ. ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿ ಎಂಬ ಓಣಿಯಲ್ಲಿ ಇವೆಲ್ಲವೂ ಸಿಗುತ್ತವೆ. ಮುಂಬಯಿಯವರಾದರೆ ನಾಗದೇವಿ ಬೀದಿಗೆ ಹೋಗಬಹುದು. ತಗಡನ್ನು ಮಡಿಸಿ ಬೆಸುಗೆ ಹಾಕಿದ ಅಗ್ಗದ ಗುದ್ದಲಿಯನ್ನು ದಯವಿಟ್ಟು ಕೊಳ್ಳಬೇಡಿ, ಬಸಾಲ್ಟ್ ಕಲ್ಲಿಗೆ ತಾಗಿದ ಮೊದಲ ದಿನವೇ ಅದರ ಬಾಯಿ ಮಡಚುತ್ತದೆ. ಕಾಯಿಸಿ ಬಡಿದು ಮಾಡಿದ ಹತಾರದಲ್ಲಿ ಕಾವು (ಮರದ ಹಿಡಿ) ಸೇರುವ ಕಣ್ಣು ಅಲಗಿನೊಂದಿಗೆ ಒಂದೇ ಲೋಹದ ತುಂಡಾಗಿರುತ್ತದೆ, ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಟಾಟಾ ಅಗ್ರಿಕೊದಂಥ ಹೆಸರುವಾಸಿ ತಯಾರಿಕೆಯನ್ನೋ, ಪರಿಚಯದ ಕಮ್ಮಾರರು ಮಾಡಿದ್ದನ್ನೋ ತೆಗೆದುಕೊಳ್ಳಿ. ಮೆಕ್ಲೌಡಿನಲ್ಲಿ ನಮಗೆ ನಿಜವಾಗಿ ಉಪಯೋಗವಾಗುವ ಗುಣ ಒಂದಿದೆ: ಅದರ ಅಗಲವಾದ ಅಲಗಿನ ಬೆನ್ನಿನಿಂದ ಹೊಸ ಮಣ್ಣನ್ನು ದಮ್ಮಸು ಮಾಡಬಹುದು. ಬೆಸುಗೆ ಕೆಲಸದವರಿಂದ ಅಂಥದ್ದೊಂದನ್ನು ಮಾಡಿಸಿಕೊಂಡರೆ ಹಣ ವ್ಯರ್ಥವಾಗದು.

ಕಾಲದ ವಿಷಯವನ್ನು ನೀವು ಕೇಳಿಲ್ಲವಾದರೂ ಹತಾರದಷ್ಟೇ ಅದೂ ಮುಖ್ಯ. ಮೇ ತಿಂಗಳಲ್ಲಿ ಗರಸು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಆಗ ಅಗೆದು ಸಡಿಲವಾದ ಮಣ್ಣು ಜೂನ್ ಎರಡನೇ ವಾರದ ಮೊದಲ ಮಳೆಗಳಿಗೇ ಕೊಚ್ಚಿಹೋಗುತ್ತದೆ. ಮೇ ತಿಂಗಳಲ್ಲಿ ನೀರು ಹೊರಹೋಗುವ ಬಾಯಿಗಳಲ್ಲಿ ತುಂಬಿದ ಎಲೆ ಮತ್ತು ಹೂಳನ್ನು ಮಾತ್ರ ತೆಗೆಯಿರಿ. ಹೊಸದಾಗಿ ಅಗೆದು ಕಟ್ಟುವ ಕೆಲಸಕ್ಕೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ದಿನಗಳು ಸೂಕ್ತ, ಏಕೆಂದರೆ ಆಗ ನೆಲದಲ್ಲಿ ಉಳಿದ ತೇವದಿಂದ ಮಣ್ಣು ಅಗೆಯಲು ಮೆತ್ತಗೆ, ದಮ್ಮಸಿಗೆ ಗಟ್ಟಿ. ನಡುವಿನ ಮಳೆಗಾಲದಲ್ಲಿ ಒಬ್ಬರಿಬ್ಬರು ಒಂದು ಗುದ್ದಲಿ ಹಿಡಿದು ಜೋರು ಮಳೆಯಲ್ಲಿಯೇ ದಾರಿ ನಡೆದು ನೀರು ಎಲ್ಲಿ ಸೇರುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಗುರುತು ಮಾಡಿಕೊಂಡರೆ ಅಕ್ಟೋಬರಿನ ಕೆಲಸದ ಅರ್ಧ ಅಲ್ಲೇ ಮುಗಿದಂತೆ. ಮತ್ತೊಂದು ಮಾತು: ದಾರಿಯ ಮೇಲಿನ ಎಲ್ಲ ಹರಳನ್ನೂ ರೇಕಿನಿಂದ ಗುಡಿಸಿ ಚೊಕ್ಕಟ ಮಾಡುವ ಉತ್ಸಾಹ ಬೇಡ, ಕಾಲಿಗೆ ಉರುಳುವ ಕಲ್ಲನ್ನು ತೆಗೆಯಿರಿ, ನೆಲಕ್ಕೆ ಕಚ್ಚಿಕೊಂಡ ಹರಳು ಮಣ್ಣನ್ನು ಮಳೆಹನಿಯಿಂದ ಕಾಯುತ್ತದೆ.

ಪ್ರಶ್ನೆ: ನಾವು ವಾರಾಂತ್ಯದಲ್ಲಿ ಗುಡ್ಡದ ಸೈಕಲ್ ಹೊಡೆಯುವವರು. ನಮ್ಮ ಮೆಚ್ಚಿನ ಇಳಿಜಾರಿನ ನಡುವೆ ಮೊಣಕಾಲುದ್ದದ ಕೊರಕಲು ಬಿದ್ದಿದೆ. ಎರಡು ವರ್ಷ ಮಣ್ಣು ತುಂಬಿದರೂ ಮಳೆಗೆ ಹೋಯಿತು. ಮಣ್ಣನ್ನು ಗಟ್ಟಿಮಾಡುವ ಯಂತ್ರವೇನಾದರೂ ಬಾಡಿಗೆಗೆ ತರಬೇಕೆ? ಮರದ ದಿಮ್ಮಿಗಳನ್ನು ಅಡ್ಡ ಇಟ್ಟರೆ ಹೇಗೆ? (ಬಾಣೇರಿನ ಓದುಗರು)

ಉತ್ತರ: ಯಂತ್ರ ಎಷ್ಟೇ ಗಟ್ಟಿ ಮಾಡಿದರೂ ನಿಮ್ಮ ದಾರಿ ಇರುವ ಜಾಗ ಬದಲಾಗದು, ತೊಂದರೆ ಇರುವುದು ಆ ಜಾಗದಲ್ಲಿ. ಗುಡ್ಡದ ಮೇಲಿನಿಂದ ಬಿಟ್ಟ ನೀರು ಯಾವ ಗೆರೆಯಲ್ಲಿ ನೇರವಾಗಿ ಕೆಳಗಿಳಿಯುತ್ತದೆಯೋ ಅದೇ ಗೆರೆಯಲ್ಲಿ ದಾರಿ ಇದ್ದರೆ ಅದು ದಾರಿಯಾಗಿ ಉಳಿಯದೆ ಹಳ್ಳವಾಗುತ್ತದೆ. ನಿಮಗೆ ಬೇಕಾಗಿರುವುದು ಅಗೆಯುವ ಸಾಧನಕ್ಕಿಂತ ಮೊದಲು ಅಳೆಯುವ ಸಾಧನ.

ದಾರಿ ಕಟ್ಟುವವರು ಬಹುಕಾಲದ ಅನುಭವದಿಂದ ಎರಡು ಲೆಕ್ಕಗಳನ್ನು ಪಾಲಿಸುತ್ತಾರೆ. ಒಂದು, ದಾರಿಯ ಇಳಿಜಾರು ಗುಡ್ಡದ ಮೈಯ ಇಳಿಜಾರಿನ ಅರ್ಧವನ್ನು ಮೀರಬಾರದು. ಗುಡ್ಡ ನೂರು ಅಡಿಗೆ 16 ಅಡಿ ಇಳಿಯುತ್ತಿದ್ದರೆ ದಾರಿ 8 ಅಡಿಗಿಂತ ಹೆಚ್ಚು ಇಳಿಯಬಾರದು, ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ದಾರಿಯನ್ನೇ ಹಿಡಿಯುತ್ತದೆ. ಇನ್ನೊಂದು, ಗುಡ್ಡ ಎಷ್ಟೇ ಕಡಿದಾಗಿದ್ದರೂ ದಾರಿಯ ಸರಾಸರಿ ಇಳಿಜಾರು ನೂರಕ್ಕೆ 10ರ ಒಳಗಿರಬೇಕು. ಇದನ್ನು ಅಳೆಯಲು ಕ್ಲಿನೋಮೀಟರ್ ಎಂಬ ಸಣ್ಣ ಉಪಕರಣವಿದೆ, ಮೊಬೈಲಿನ ಆ್ಯಪ್‌ಗಳೂ ಇವೆ. ಆದರೂ ಜಲಾನಯನದ ಕೆಲಸಗಾರರು ಬದು ಗುರುತಿಸಲು ಬಳಸುವ ಮರದ ಚೌಕಟ್ಟನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದನ್ನು ತಂಡದ ಯಾರೂ ಮಾಡಿಕೊಳ್ಳಬಹುದು ಮತ್ತು ಅದರ ಲೆಕ್ಕ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಎರಡು ಬಿದಿರಿನ ಗಳುಗಳ ತುದಿಗಳನ್ನು ಸೇರಿಸಿ ಕಟ್ಟಿ, ಪಾದಗಳು ಸರಿಯಾಗಿ 2 ಮೀಟರ್ ದೂರ ನಿಲ್ಲುವಂತೆ ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ನೆತ್ತಿಯಿಂದ ದಾರದಲ್ಲಿ ಕಲ್ಲೊಂದನ್ನು ತೂಗಬಿಡಿ. ನೆಲದ ಮೇಲೆ ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ಮುಟ್ಟುವ ಜಾಗ ಗುರುತಿಸಿ, ಪಾದಗಳನ್ನು ಅದಲುಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಗುರುತಿಸಿ. ಎರಡರ ನಡುವಿನ ಬಿಂದು ಸಮಮಟ್ಟ. ಆಮೇಲೆ ಪಾದಗಳೆರಡೂ ಸಮಮಟ್ಟದಲ್ಲಿರುವಾಗ ಒಂದು ಪಾದದ ಕೆಳಗೆ 20 ಸೆಂಟಿಮೀಟರ್ ಎತ್ತರದ ದಿಮ್ಮಿಯಿಟ್ಟು ದಾರದ ಜಾಗವನ್ನು ಗುರುತಿಸಿದರೆ ಅದು ನೂರಕ್ಕೆ 10ರ ಗುರುತು. ಚೌಕಟ್ಟನ್ನು ಹೆಜ್ಜೆಹೆಜ್ಜೆಯಾಗಿ ನಡೆಸುತ್ತ, ದಾರ ಆ ಗುರುತನ್ನು ದಾಟದಂತೆ ಸುಣ್ಣದಿಂದ ಗೆರೆ ಎಳೆಯುತ್ತ ಹೋದರೆ ಹೊಸ ದಾರಿಯ ನಕ್ಷೆ ನೆಲದ ಮೇಲೆಯೇ ಮೂಡುತ್ತದೆ.

ಹಾಗೆ ಗೆರೆ ಎಳೆದ ಮೇಲೂ ನೆಲ ಯಾರದೆಂದು ವಿಚಾರಿಸಿ, ಲಿಖಿತ ಒಪ್ಪಿಗೆ ಪಡೆಯದೆ ಒಂದು ಗುದ್ದಲಿಯನ್ನೂ ಹಾಕಬಾರದು. ಪುಣೆಯ ಟೇಕಡಿಗಳಲ್ಲಿ ಅರಣ್ಯ ಇಲಾಖೆಯ ಭೂಮಿ, ಪಾಲಿಕೆಯ ಭೂಮಿ, ಖಾಸಗಿ ಭೂಮಿ ಒಂದರ ಪಕ್ಕದಲ್ಲೊಂದು ಇವೆ. ಒಪ್ಪಿಗೆ ಸಿಗದಿದ್ದರೆ ಹಳೆಯ ದಾರಿಯಲ್ಲೇ ಮಾಡಬಹುದಾದದ್ದು ನೀರಿಗೆ ಅಲ್ಲಲ್ಲಿ ಹೊರಹೋಗಲು ಬಾಯಿ ಬಿಡಿಸುವುದು. ಇದಕ್ಕೆ ಅರ್ಧಚಂದ್ರಾಕಾರದ ತಗ್ಗು ಬಹಳ ಒಳ್ಳೆಯದು: ದಾರಿಯ ಉದ್ದಕ್ಕೆ ಸುಮಾರು 3 ಮೀಟರ್ ಜಾಗವನ್ನು ಹೊರ ಅಂಚಿನ ಕಡೆಗೆ ಮೆಲ್ಲಗೆ ಕೆರೆದು, ಅದರ ನಡುಭಾಗದಲ್ಲಿ ನೂರಕ್ಕೆ 15ರಷ್ಟು ಹೊರವಾಟ ಬರುವಂತೆ ಮಾಡಿ, ತೆಗೆದ ಮಣ್ಣನ್ನು ಕೆಳಗಡೆ ಉದ್ದನೆಯ ತೆಳು ದಿಬ್ಬವಾಗಿ ದಮ್ಮಸು ಮಾಡಬೇಕು. ಗಾಲಿ ಇದರ ಮೇಲೆ ಅಲೆಯ ಹಾಗೆ ಸಾಗುತ್ತದೆ, ನೀರು ಮಾತ್ರ ಹೊರಳಿ ಹೋಗುತ್ತದೆ. ದಿಬ್ಬವನ್ನು ಮುಂದಿನ ಮಳೆಗೆ ಮುನ್ನ ಕಾಲಿನಿಂದಲೂ ಸಲಿಕೆಯ ಬೆನ್ನಿನಿಂದಲೂ ತುಳಿದು ಬಡಿದು ಗಟ್ಟಿ ಮಾಡುವುದನ್ನು ಮರೆಯಬೇಡಿ. ಮರದ ದಿಮ್ಮಿ ಅಡ್ಡ ಇಡುವುದನ್ನು ಸೈಕಲ್ ದಾರಿಯಲ್ಲಿ ನಾನು ಬಲವಾಗಿ ಬೇಡವೆನ್ನುತ್ತೇನೆ: ಒದ್ದೆಯಾದ ಮರದ ಮೇಲೆ ಗಾಲಿ ಜಾರುತ್ತದೆ, ಒಂದೆರಡು ಮಳೆಯಲ್ಲಿ ಅದರ ಹಿಂದೆ ಹೂಳು ತುಂಬಿ ನೀರು ಪಕ್ಕದಿಂದ ಕೊರೆಯತೊಡಗುತ್ತದೆ, ಸವಾರರು ದಿಮ್ಮಿಯನ್ನು ತಪ್ಪಿಸಲು ಪಕ್ಕದಲ್ಲೇ ಇನ್ನೊಂದು ದಾರಿ ಮಾಡುತ್ತಾರೆ.

ಬಿಟ್ಟುಕೊಟ್ಟ ಕೊರಕಲನ್ನೂ ಹಾಗೆಯೇ ಬಿಡಬಾರದು. ಹಾರೆಯಿಂದ ದೊಡ್ಡ ಕಲ್ಲುಗಳನ್ನು ಉರುಳಿಸಿ ತಂದು, ಎರಡು ಬದಿಯ ದಂಡೆಯೊಳಗೆ ಹೂತುಹೋಗುವಂತೆ ಅಡ್ಡಗಟ್ಟೆಗಳನ್ನು ಕೂಡಿಸಿ, ನಡುಭಾಗವನ್ನು ಬದಿಗಳಿಗಿಂತ ತಗ್ಗಿಸಿ ಇಡಿ. ಇಲ್ಲವಾದರೆ ನೀರು ದಂಡೆಯನ್ನು ಕೊರೆದು ಹೊಸ ಕೊರಕಲು ಮಾಡುತ್ತದೆ. ಮೇಲೆ ಒಣಗಿದ ಮುಳ್ಳುಕಂಟಿ ಹರಡಿದರೆ ಸವಾರರೂ ಆ ಕಡೆ ಹೋಗುವುದಿಲ್ಲ, ಬೀಜ ಬಿದ್ದ ಹುಲ್ಲೂ ಬೇರೂರುತ್ತದೆ. ಹಿಂದಿನ ಗಾಲಿಯನ್ನು ಬ್ರೇಕಿನಿಂದ ಕಟ್ಟಿ ಜಾರಿಸುವ ಅಭ್ಯಾಸ ನಿಮ್ಮ ಬಳಗದಲ್ಲಿದ್ದರೆ ಅದನ್ನು ಬಿಡಿಸಿ, ಏಕೆಂದರೆ ತಿರುವಿಗೆ ಮುಂಚಿನ ಆ ಉದ್ದ ಗೀರುಗಳಲ್ಲಿಯೇ ಮೊದಲ ನೀರು ಓಡುವುದು.

ಪ್ರಶ್ನೆ: ನನಗೆ 58 ವರ್ಷ. ಸೊಂಟದ ನೋವಿದೆ. ಬಳಗದವರು ಶ್ರಮದಾನಕ್ಕೆ ಹೊರಟಾಗ ಮನೆಯಲ್ಲಿ ಕೂರಲು ಮನಸ್ಸಾಗುವುದಿಲ್ಲ. ನನ್ನಂಥವರಿಗೆ ಹಗುರವಾದ ಹತಾರ ಯಾವುದು? (ಡೊಂಬಿವಲಿಯ ಓದುಗರು)

ಉತ್ತರ: ಅಮ್ಮಾ, ಹತಾರದ ತೂಕಕ್ಕಿಂತ ಅದರ ಕಾವಿನ ಉದ್ದ ನಿಮಗೆ ಮುಖ್ಯ. ಊರಿನ ಗುದ್ದಲಿಯ ಗಿಡ್ಡ ಕಾವು ಬೆನ್ನನ್ನು ಬಗ್ಗಿಸುತ್ತದೆ. ನೆಟ್ಟಗೆ ನಿಂತಾಗ ನಿಮ್ಮ ಗದ್ದದ ಮಟ್ಟಕ್ಕೆ ಬರುವ ಕಾವಿನ ರೇಕನ್ನು ಹಿಡಿದು, ಬಗ್ಗದೆ ಎಳೆಯುವ ಕೆಲಸವನ್ನು ತೆಗೆದುಕೊಳ್ಳಿ. ನೀರು ಹೊರಹೋಗುವ ಬಾಯಿಗಳಿಂದ ಎಲೆ ತೆಗೆಯುವುದು ಅಂಥ ಕೆಲಸ, ಮತ್ತು ಇಡೀ ದಾರಿಯ ಆಯುಸ್ಸು ನಿಂತಿರುವುದು ಅದರ ಮೇಲೆ. ಮುಖದ ಮಟ್ಟದಲ್ಲಿ ಚಾಚಿದ ಲಂಟಾನದ ಕೊಂಬೆಗಳಿಗೆ ಉದ್ದ ಹಿಡಿಯ ಕೊಂಬೆಕತ್ತರಿ ಸಾಕು. ಹತ್ತು ನಿಮಿಷಕ್ಕೊಮ್ಮೆ ಮುಂದಿನ ಕೈಯನ್ನು ಬದಲಿಸಿ, ಬಾಂಡ್ಲಿಯನ್ನು ಅರ್ಧ ಮಾತ್ರ ತುಂಬಿಸಿ. ಮಳೆಯಲ್ಲಿ ನೀರಿನ ಹರಿವನ್ನು ಗಮನಿಸಿ ಬಣ್ಣದ ಬಟ್ಟೆಯ ಚೂರು ಕಟ್ಟಿ ಗುರುತು ಮಾಡುವ ಕೆಲಸವನ್ನು ತಂಡದಲ್ಲಿ ನೀವೇ ವಹಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅದಕ್ಕೆ ತಾಳ್ಮೆ ಬೇಕು, ಮತ್ತು ಅಗೆಯುವ ಆತುರದಲ್ಲಿರುವ ತಂಡಗಳು ಅದನ್ನೇ ಮೊದಲು ಬಿಡುತ್ತವೆ.

ಪ್ರಶ್ನೆ: ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಲುದಾರಿಗಳಲ್ಲಿ ಚಾಚಿಕೊಂಡ ಗಿಡಗಂಟಿ ಕಡಿಯಲು ನಾವೇ ಮಚ್ಚು ಒಯ್ಯಬಹುದೆ? ದಾರಿ ಚೊಕ್ಕಟ ಮಾಡುವುದು ಒಳ್ಳೆಯ ಕೆಲಸವಲ್ಲವೆ? (ಬೋರಿವಲಿಯ ಓದುಗರು)

ಉತ್ತರ: ಒಯ್ಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂಬುದಕ್ಕೆ ಕೊಟ್ಟಿರುವ ವಿವರಣೆಯಲ್ಲಿ ಚಾಕು ಕತ್ತಿಗಳೂ ಸೇರಿವೆ. ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಹೋಗುವುದನ್ನು ಅದರ 31ನೆಯ ಕಲಮು ನಿಷೇಧಿಸುತ್ತದೆ ಮತ್ತು ಅದೇ ನಿಯಮ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಠಾಣೆ ನಗರದ ಕಡೆಯ ಯೇವೂರು ಗುಡ್ಡಗಳೂ ಇದೇ ಉದ್ಯಾನದ ಭಾಗವೆಂಬುದನ್ನು ಅಲ್ಲಿಗೆ ಹೋಗುವವರು ನೆನಪಿಡಬೇಕು. ಕಾನೂನು ಒಂದು ಕಡೆಗಿರಲಿ, ನೀವು ಗಿಡಗಂಟಿ ಎಂದು ಕರೆದದ್ದರಲ್ಲಿ ಕಾರ್ವಿಯೂ ಇರಬಹುದು. ಎಂಟು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಆ ಗಿಡ ಬೋರಿವಲಿಯ ಕಾಡಿನಲ್ಲಿ 2016ರಲ್ಲಿ, ಅನಂತರ 2024ರಲ್ಲಿ ಅರಳಿತು. ನಡುವಿನ ವರ್ಷಗಳಲ್ಲಿ ಅದು ಹೂವಿಲ್ಲದ ಸಾಮಾನ್ಯ ಪೊದೆಯಂತೆ ಕಾಣುವುದರಿಂದ ಅರಿಯದವರ ಮಚ್ಚಿಗೆ ಸುಲಭವಾಗಿ ಸಿಗುತ್ತದೆ, ಹೂಬಿಡುವ ಮೊದಲೇ ಕಡಿದ ಗಿಡ ಬೀಜ ಬಿಡದೆ ಹೋಗುತ್ತದೆ.

ನಿಮ್ಮ ಉತ್ಸಾಹಕ್ಕೆ ದಾರಿ ಇಲ್ಲವೆಂದಲ್ಲ. ಉದ್ಯಾನದ ಕಚೇರಿಗೆ ತಂಡದ ಹೆಸರು, ದಿನ, ಜಾಗ ಮತ್ತು ಒಯ್ಯುವ ಹತಾರಗಳ ಪಟ್ಟಿಯೊಂದಿಗೆ ಅರ್ಜಿ ಕೊಡಿ. ಸಿಬ್ಬಂದಿಯ ಜೊತೆಯಲ್ಲಿ ಮಾತ್ರ ಕೆಲಸ ಮಾಡಿ. ಕಡಿಯುವ ಹತಾರಗಳನ್ನು ಅವರೇ ಇಟ್ಟುಕೊಳ್ಳಲಿ. ಚಿರತೆಗಳಿರುವ ಕಾಡಾದ್ದರಿಂದ ಮುಂಜಾವಿನ ಮತ್ತು ಸಂಜೆಯ ಕತ್ತಲಿನಲ್ಲಿ ಕೆಲಸ ಇಟ್ಟುಕೊಳ್ಳಬೇಡಿ. ನಗರದ ಬಸ್ಸು ರೈಲುಗಳಲ್ಲಿ ಹರಿತವಾದ ಹತಾರ ಒಯ್ಯುವಾಗ ಅಲಗಿಗೆ ಗೋಣಿ ಸುತ್ತಿ, ಕಟ್ಟಿ, ಅನುಮತಿ ಪತ್ರದ ಪ್ರತಿಯನ್ನು ಜೊತೆಗಿಡಿ. ಕೋಯತಾ, ಅಂದರೆ ಮಚ್ಚು, ಹಿಡಿದು ಬೆದರಿಸುವ ಗುಂಪುಗಳ ಹಾವಳಿ ಕಂಡ ಪುಣೆಯಲ್ಲಂತೂ ಅಲಗನ್ನು ಮುಚ್ಚದೆ ಕೋಯತಾ ಹಿಡಿದು ನಡೆಯುವವರನ್ನು ಪೊಲೀಸರು ತಡೆದರೆ ಅವರನ್ನು ದೂರುವಂತಿಲ್ಲ.

ಕೋಟೆಗಳ ದಾರಿಯ ಬಗ್ಗೆ ಕೇಳಿದ ಇನ್ನಿಬ್ಬರು ಓದುಗರಿಗೂ ಇಲ್ಲಿಯೇ ಉತ್ತರಿಸುತ್ತೇವೆ. ಲೋಹಗಡ, ರಾಜಗಡ ಮೊದಲಾದ 12 ಕೋಟೆಗಳು ಮರಾಠರ ಸೈನಿಕ ಭೂದೃಶ್ಯಗಳೆಂದು 2025ರ ಜುಲೈನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ; ಅಲ್ಲಿಯ ಮೆಟ್ಟಿಲು ಸಡಿಲವಾಗಿದ್ದರೂ ಹಾರೆ ಹಾಕಿ ಎಬ್ಬಿಸುವ ಅಧಿಕಾರ ಚಾರಣಿಗರಿಗಿಲ್ಲ. ಕಂಡದ್ದನ್ನು ಚಿತ್ರ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಕಸ ಎತ್ತುವ ಚೀಲವೊಂದೇ ಅಲ್ಲಿ ನಿಮ್ಮ ಹತಾರ.

ಪ್ರಶ್ನೆ: ಕರ್ಜತದ ಬಳಿ ನಮ್ಮದೇ ತೋಟದ ಮೂಲಕ ಬೆಟ್ಟಕ್ಕೆ ಹೋಗುವ ದಾರಿಯಿದೆ. ಹುಲ್ಲು ಕತ್ತರಿಸಲು ಪೆಟ್ರೋಲ್ ಯಂತ್ರ ಕೊಳ್ಳಬಹುದೆ? (ಪನವೇಲಿನ ಓದುಗರು)

ಉತ್ತರ: ಸ್ವಂತ ಜಮೀನಿನಲ್ಲಿ, ಮಳೆ ನಿಂತ ಮೇಲೆ ಹಸಿರು ಹುಲ್ಲಿಗೆ ಕೊಳ್ಳಬಹುದು. ಕಲ್ಲಿರುವ ದಾರಿಯಲ್ಲಿ ಲೋಹದ ಅಲಗಿಗಿಂತ ನೈಲಾನ್ ದಾರದ ತಲೆ ಮೇಲು. ಆದರೂ ಅದು ಹರಳುಗಳನ್ನು ಬಹು ದೂರಕ್ಕೆ ಸಿಡಿಸುವುದರಿಂದ 15 ಮೀಟರ್ ಒಳಗೆ ಯಾರೂ ಇರಬಾರದು; ಕಣ್ಣಿಗೆ ಕನ್ನಡಕ, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಕಡ್ಡಾಯ. ಫೆಬ್ರವರಿಯಿಂದ ಮೇ ವರೆಗೆ ಒಣ ಹುಲ್ಲಿನಲ್ಲಿ ಅದನ್ನು ಓಡಿಸಲೇಬೇಡಿ, ಬಿಸಿಯಾದ ಹೊಗೆಕೊಳವೆಯಿಂದಲೋ ಕಲ್ಲಿಗೆ ಲೋಹ ತಾಗಿದ ಕಿಡಿಯಿಂದಲೋ ಇಡೀ ಗುಡ್ಡ ಹೊತ್ತಿಕೊಳ್ಳಬಹುದು. ಹುಲ್ಲನ್ನು ಬುಡಮಟ್ಟ ಕತ್ತರಿಸದೆ ನಾಲ್ಕು ಬೆರಳು ಬಿಡಿ, ಬೇರು ಮಣ್ಣನ್ನು ಹಿಡಿದಿರಲಿ. ದಾರಿ ಚಿಕ್ಕದಾಗಿದ್ದರೆ ಕುಡುಗೋಲು ಹಿಡಿದ ಇಬ್ಬರು ಒಂದು ಬೆಳಗಿನಲ್ಲಿ ಮುಗಿಸುವ ಕೆಲಸಕ್ಕೆ ಈ ಖರ್ಚೇ ಬೇಡ.

ಪ್ರಶ್ನೆ: ವಾಸ್ಕೊದಲ್ಲಿ ನಮ್ಮ ಹತಾರಗಳು ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತವೆ. ಜೊತೆಗೆ ಗೋವೆಯ ಕೆಂಪುಕಲ್ಲಿನ ದಾರಿಗಳು ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತವೆ. ಏನು ಮಾಡಬೇಕು? (ವಾಸ್ಕೊದ ಓದುಗರು)

ಉತ್ತರ: ಸಮುದ್ರದ ಉಪ್ಪುಗಾಳಿಯಲ್ಲಿ ತುಕ್ಕನ್ನು ಪೂರ್ತಿ ತಡೆಯಲಾಗದು, ನಿಧಾನಿಸಬಹುದು. ಕೆಲಸ ಮುಗಿದ ದಿನವೇ ಮಣ್ಣನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒರೆಸಿ, ನೆರಳಿನಲ್ಲಿ ಒಣಗಿಸಿ. ಒಂದು ಬಕೆಟ್ಟಿನಲ್ಲಿ ಒಣ ಮರಳು ತುಂಬಿ, ಸ್ವಲ್ಪ ಎಣ್ಣೆ ಬೆರೆಸಿಟ್ಟುಕೊಂಡು ಅಲಗನ್ನು ಅದರೊಳಗೆ ನಾಲ್ಕಾರು ಸಲ ಚುಚ್ಚಿ ತೆಗೆದರೆ ಉಜ್ಜುವುದೂ ಎಣ್ಣೆ ಹಚ್ಚುವುದೂ ಒಟ್ಟಿಗೆ ಆಗುತ್ತದೆ. ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಬಳಸುವವರಿದ್ದಾರೆ. ಅದು ಕಾಡಿನ ಮಣ್ಣಿಗೂ ನೀರಿಗೂ ಇಳಿಯುವುದರಿಂದ ಬೇಡ, ಅಗಸೆ ಎಣ್ಣೆ ಸಾಕು. ಹತಾರಗಳನ್ನು ನೆಲಕ್ಕೆ ತಾಗದಂತೆ ಗೋಡೆಗೆ ತೂಗುಹಾಕಿ.

ಕೆಂಪುಕಲ್ಲಿನ ಸ್ವಭಾವ ಬಸಾಲ್ಟಿಗಿಂತ ಪೂರ್ತಿ ಬೇರೆ. ನಮ್ಮ ಕರಾವಳಿಯ ಮುರಕಲ್ಲಿನಂತೆಯೇ ಇದೂ ನೆಲದೊಳಗೆ ಇರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಮೇಲಿನ ಗಟ್ಟಿ ಪದರದ ಕೆಳಗೆ ಶೇಡಿ ಮಣ್ಣು ಇರುತ್ತದೆ, ಅದು ನೀರು ಸೋಕಿದರೆ ಕರಗಿ ಹೋಗುವಂಥದ್ದು. ಆದ್ದರಿಂದ ಗೋವೆಯ ದಾರಿಗಳಲ್ಲಿ ಪಿಕಾಸಿಯನ್ನು ಬಲವಾಗಿ ಬೀಸಿ ಆ ಪದರವನ್ನು ತೂತು ಮಾಡುವುದೇ ದೊಡ್ಡ ಹಾನಿ. ತಗ್ಗು ತುಂಬಬೇಕಾದರೆ ಕಡಿದ ಕಲ್ಲಿನ ತುಂಡುಗಳನ್ನು ಹೊರಗಿನಿಂದ ತಂದು ಕೂರಿಸಿ. ಪಾಚಿಗೆ ತಂತಿಯ ಬ್ರಷ್ಷು ಮತ್ತು ಗಟ್ಟಿ ಕಡ್ಡಿಪೊರಕೆ ಸಾಕು, ಬ್ಲೀಚಿಂಗ್ ಪುಡಿ ಎರಚಬೇಡಿ. ಪಾಚಿ ಮತ್ತೆಮತ್ತೆ ಅಲ್ಲೇ ಕಟ್ಟುತ್ತಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ, ಉಳಿಯಿಂದ ಒಂದು ಬೆರಳಗಲದ ತೋಡು ಕೆತ್ತಿ ನೀರನ್ನು ಹೊರಬಿಡಿ. ಉಳಿ ಮತ್ತು ಸಮ್ಮಟಿಗೆ ಹಿಡಿದ ಕ್ಷಣದಿಂದ ಕಣ್ಣಿಗೆ ಕನ್ನಡಕ ಇರಲೇಬೇಕು.

ಗೋವೆಯ ಸತ್ತರಿ ತಾಲ್ಲೂಕಿನ ಕಡೆ ಕೆಲಸಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ ಹೇಳದೆ ಇರಲಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ 2015ರಿಂದ ಅಲ್ಲಿಯೂ ಕಾಣಿಸಿಕೊಂಡಿದೆ. ಅದನ್ನು ಹರಡುವ ಉಣ್ಣೆಗಳು ತರಗೆಲೆಯಲ್ಲಿರುತ್ತವೆ ಮತ್ತು ರೇಕು ಹಿಡಿದವರು ಕಲಕುವುದು ಅದೇ ತರಗೆಲೆಯನ್ನು. ಡಿಸೆಂಬರಿನಿಂದ ಮೇ ವರೆಗೆ ಅಪಾಯ ಹೆಚ್ಚು. ತಿಳಿ ಬಣ್ಣದ ಪೂರ್ಣ ತೋಳಿನ ಬಟ್ಟೆ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣ್ಣೆ ನಿವಾರಕ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಕೆಲಸ ನಿಲ್ಲಿಸಿ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ಪರೀಕ್ಷಿಸಿಕೊಳ್ಳಿ; ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಿ.

ಪ್ರಶ್ನೆ: ಗುದ್ದಲಿಯ ಕಾವು ಪದೇ ಪದೇ ಮುರಿಯುತ್ತದೆ, ಇಲ್ಲವೆ ತಲೆ ಕಳಚಿ ಬೀಳುತ್ತದೆ. ಯಾವ ಮರ ಒಳ್ಳೆಯದು? (ಪಿಂಪರಿಯ ಓದುಗರು)

ಉತ್ತರ: ಮರಾಠಿಯಲ್ಲಿ ಧಾವಡಾ ಎನ್ನುವ ನಮ್ಮ ದಿಂಡಿಗ ಬಹಳ ಗಟ್ಟಿ, ಪೆಟ್ಟು ತಡೆಯುತ್ತದೆ. ಅದು ಸಿಗದಿದ್ದರೆ ಕರಿಜಾಲಿ ಒಳ್ಳೆಯದು. ಯಾವ ಮರವಾದರೂ ಎಳೆಗಳು ತುದಿಯಿಂದ ಬುಡದವರೆಗೆ ನೇರವಾಗಿ ಓಡುತ್ತಿರಬೇಕು, ಗಂಟು ಇರಬಾರದು. ಎಳೆ ಓರೆಯಾಗಿ ಅಂಚಿಗೆ ಬಂದ ಕಡೆಯೇ ಕಾವು ಮುರಿಯುವುದು. ಬಣ್ಣ ಅಥವಾ ವಾರ್ನಿಷ್ ಬಳಿದ ಕಾವನ್ನು ಕೊಳ್ಳಬೇಡಿ, ಎಳೆ ಕಾಣಿಸದು, ಅಂಗೈಯಲ್ಲಿ ಬೊಕ್ಕೆಯೂ ಏಳುತ್ತದೆ. ಸಡಿಲವಾದ ತಲೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ ಬಿಗಿ ಮಾಡುವ ಅಭ್ಯಾಸ ಬಿಡಿ: ಉಬ್ಬಿದ ಮರ ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗಿ, ಬೀಸುವಾಗ ತಲೆ ಹಾರಿ ಹಿಂದಿದ್ದವರಿಗೆ ತಾಗಬಹುದು. ಕಾವನ್ನು ಕಣ್ಣಿಗೆ ತಕ್ಕಂತೆ ಕೆತ್ತಿ, ತುದಿಯನ್ನು ಸೀಳಿ, ಒಣ ಮರದ ಬೆಣೆ ಹೊಡೆದು, ಕಾವಿನ ಆ ತುದಿಗೆ ಅಗಸೆ ಎಣ್ಣೆಯನ್ನು ಹೀರುವಷ್ಟು ಕುಡಿಸಿ. ಕೆಲಸದ ದಿನ ಬೆಳಿಗ್ಗೆ ಮೊದಲ ಹೊಡೆತಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಹತಾರದ ತಲೆಯನ್ನು ಕೈಯಿಂದ ಅಲ್ಲಾಡಿಸಿ ನೋಡಬೇಕು. ಕದಲಿದ್ದನ್ನು ಪಕ್ಕಕ್ಕಿಡಿ, ಅಂದಿನ ಮಟ್ಟಿಗೆ ಅದನ್ನು ಯಾರೂ ಬಳಸಬಾರದು.